ಬರ್ತೀವಿ ಅಂದ ಮಾತು

ಮಕ್ಕಳು ಮಲಗಿದ್ದಾವೋ ಒಮ್ಮೆ ನೋಡಿ ಬನ್ನಿ... ಆಮೇಲೆ ಹೇಳುತ್ತೇನೆ. ಇದು ನಮ್ಮ ಚಿಕ್ಕಪ್ಪನ ಮಗಳು ವಸಂತಾಳಿಗೆ ಆದದ್ದು.

ವಸಂತಾ ಇರುವುದು ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸಿನಲ್ಲಿ. ಅಕ್ಟೋಬರ್ ಅಂದರೆ ಅಲ್ಲಿ ಹೂ ಬಿಡುವ ಕಾಲ, ಶಾಲೆಗೂ ರಜ. ಗಂಡ ಲಕ್ಷ್ಮೀಶ, ಆರು ವರ್ಷದ ಮಗಳು ನಿಹಾರಿಕಾ, ಊರಿಂದ ಬಂದಿದ್ದ ಅತ್ತೆ ಚಿನ್ನಮ್ಮ, ಎಲ್ಲರೂ ಏಳು ಸೀಟಿನ ಕಾರಿನಲ್ಲಿ ಮೆಲ್ಬರ್ನ್ ನೋಡಲು ಹೊರಟರು. ಮೆಲ್ಬರ್ನಿನ ಅಂಚಿನ ಕ್ರೇಗಿಬರ್ನಿನಲ್ಲಿ ಸ್ನೇಹಿತರ ಮನೆ ಇತ್ತು. ದಾರಿಯುದ್ದಕ್ಕೂ ಹಳದಿ ಹೂವಿನ ಹೊಲ. ನಿಂತು ನಿಂತು ಫೋಟೊ ತೆಗೆದದ್ದೇ ತೆಗೆದದ್ದು.

ಹೊತ್ತಿಳಿಯುವಾಗ ಹೆದ್ದಾರಿ ಬಿಟ್ಟು ಒಂದು ಹೊಲದಂಚಿನಲ್ಲಿ ಬುತ್ತಿ ಬಿಚ್ಚಿದರು. ಪಾಳುಬಿದ್ದ ಕಲ್ಲಿನ ಮನೆ, ಪಕ್ಕದಲ್ಲಿ ಬಾವಿ. ಹುಲ್ಲಿನಲ್ಲಿ ಹುದುಗಿದ್ದ ಚಪ್ಪಟೆ ಕಲ್ಲಿನ ಮೇಲೆ ಪುಳಿಯೋಗರೆ ಡಬ್ಬಿ ಇಟ್ಟುಕೊಂಡು ಉಂಡರು.

ಉಂಡು ಕಾರಿನ ಕಡೆ ನಡೆಯುವಾಗ ಬಾವಿಯ ಹತ್ತಿರ ಒಬ್ಬಳು ಮುದುಕಿ ನಿಂತಿದ್ದಳು. ಬಿಳಿಯರ ಹೆಂಗಸು, ಕಾಲು ಮುಚ್ಚುವ ಕಪ್ಪು ಲಂಗ. ಯಾವಾಗ ಬಂದಳೋ. ಮಾತಿಲ್ಲ, ನಗುವಿಲ್ಲ. ನಿಹಾರಿಕಾಳನ್ನೇ ನೋಡುತ್ತಿದ್ದಳು... ಸಂತೆಯಲ್ಲಿ ಕರು ನೋಡುವ ಹಾಗೆ.

ಚಿನ್ನಮ್ಮ ರೂಢಿಯಂತೆ ಕೈಮುಗಿದು, "ಬರ್ತೀವಮ್ಮಾ" ಅಂದರು.

"ಅವಳಿಗೇನು ಕನ್ನಡ ಬರುತ್ತಾ ಅತ್ತೆ?" ವಸಂತಾ ಕುಟುಕಿದಳು.

"ನಿನ್ನ ಮಗಳಿಗೇ ಬರಲ್ಲ, ಅವಳ್ನ ಯಾಕಂತೀಯ?"

ಬೆನ್ನ ಹಿಂದೆ ರಾಟೆ ತಿರುಗಿತು. ಕಿರ್... ಕಿರ್ರ್... ವಸಂತಾ ತಿರುಗಿದಳು. ಮುದುಕಿ ಇಲ್ಲ. ಬಾವಿಗೆ ರಾಟೆಯೇ ಇಲ್ಲ. ಅವರು ಉಂಡ ಕಲ್ಲು ಮಾತ್ರ ಓರೆಬಿಸಿಲಲ್ಲಿ ಸ್ಪಷ್ಟವಾಗಿ ಕಂಡಿತು. ಮೇಲೆ ಶಿಲುಬೆ, ಒಂದು ಹೆಸರು. ಎರಡು ಮೊಳದ ಕಲ್ಲು. ಮಗುವಿನ ಸಮಾಧಿ.

ವಸಂತಾ ಸರಸರನೆ ಕಾರು ಹತ್ತಿದಳು. ಕಾರು ಹೊರಟಿತು.

ಟಿಂಗ್... ಟಿಂಗ್... ಟಿಂಗ್...

"ಯಾರು ಬೆಲ್ಟ್ ಹಾಕಿಲ್ಲ?" ಅಂದ ಲಕ್ಷ್ಮೀಶ.

ಎಲ್ಲರೂ ಹಾಕಿದ್ದರು. ಕಾರು ಕೆಂಪಗೆ ತೋರಿಸುತ್ತಿದ್ದದ್ದು ಕೊನೆಯ ಸಾಲಿನ ಸೀಟು. ಅಲ್ಲಿ ಒಂದು ಚೀಲವೂ ಇರಲಿಲ್ಲ.

"ಸೆನ್ಸರ್ ಹಾಳಾಗಿರಬೇಕು..."

ಆಗ ಆ ಸೀಟಿನಿಂದ, ತಗ್ಗಿದ ದನಿಯಲ್ಲಿ, ಅಚ್ಚ ಕನ್ನಡದಲ್ಲಿ ಒಂದೇ ಮಾತು ಬಂತು.

"ಯಾವಾಗ?"

ಲಕ್ಷ್ಮೀಶ ಗಕ್ಕನೆ ಬ್ರೇಕ್ ಒತ್ತಿದ. ವಸಂತಾ ಸಮಾಧಿಯ ಮಾತು ಹೇಳಿದಳು. ಚಿನ್ನಮ್ಮನ ಮುಖ ಬಿಳಿಚಿಕೊಂಡಿತು.

"ಶಿವನೇ... ಸಾವಿನ ಜಾಗದಲ್ಲಿ ಬರ್ತೀವಿ ಅಂದ್ನಾ ನಾನು? ಅಲ್ಲಿಂದ ಸುಮ್ನೆ ಎದ್ದು ಬರ್ಬೇಕು ಕಣೇ. ಹೇಳಿದ ಮೇಲೆ ಅದು ಕಾಯುತ್ತೆ."

"ಯಾವಾಗ?" ಈ ಸಲ ಮಗುವಿನ ಕಿವಿಯ ಹತ್ತಿರ. ಜುಟ್ಟಿನ ಕೂದಲು ಅಲುಗಿತು.

"ಎಲ್ಲರೂ 'ಹೋಗ್ತೀವಿ' ಅನ್ನಿ," ಚಿನ್ನಮ್ಮ ಪಿಸುಗುಟ್ಟಿದರು. "ಮಾತು ಮುರೀಬೇಕು. ಒಬ್ಬರೂ ಬಿಡೋ ಹಾಗಿಲ್ಲ."

ಹೊಸ್ತಿಲು ದಾಟುವಾಗ ಹುಟ್ಟಿದಾರಭ್ಯ ಬಾಯಿಂದ ತೆಗೆಯದ ಮಾತು ಅದು. ಹಣೆಗೆ ವಿಭೂತಿ ಒತ್ತಿಕೊಂಡು ಮೊದಲು ಅವರೇ ಅಂದರು. "ಹೋಗ್ತೀವಿ." ಲಕ್ಷ್ಮೀಶ ಅಂದ. ವಸಂತಾ ಅಂದಳು.

ನಿಹಾರಿಕಾಳ ಸರದಿ. ಆ ಮಗುವಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಇಂಗ್ಲಿಷೇ. ಅದು ಹಿಂದಕ್ಕೆ ತಿರುಗಿ, ಖಾಲಿ ಸೀಟಿಗೆ ಕೈ ಬೀಸಿತು.

"ಬೈ! ಸೀ ಯೂ ಸೂನ್!"

ಟಿಂಗ್... ನಿಂತಿತು.

"ಮಗು ಏನಂತು?" ಚಿನ್ನಮ್ಮ ಕೇಳಿದರು.

ವಸಂತಾ ಸುಳ್ಳು ಹೇಳಿದಳು. "ಹೋಗ್ತೀವಿ ಅಂತಲೇ ಅತ್ತೆ..."

ಮೆಲ್ಬರ್ನಿನಲ್ಲಿ ಕಡಲು ನೋಡಿದರು, ತೋಟ ನೋಡಿದರು. ವಾಪಸು ಕಡಲ ದಂಡೆಯ ರಸ್ತೆ ಹಿಡಿದು, ಸುತ್ತುಬಳಸಿ ಮನೆ ಸೇರಿದರು. ಏನೂ ಆಗಲಿಲ್ಲ. ಸೀಟೂ ಕೂಗಲಿಲ್ಲ.

ಆದರೆ ಒಂದು. ಕನ್ನಡವೇ ಆಡದ ಆ ಮಗು ಈಗ ದಿನಾ ಶಾಲೆಗೆ ಹೊರಡುವಾಗ ಹೊಸ್ತಿಲಲ್ಲಿ ನಿಂತು, ಸ್ಪಷ್ಟವಾಗಿ, "ಹೋಗ್ತೀನಿ" ಅನ್ನುತ್ತದೆ. "ಬರ್ತೀನಿ ಅನ್ನು ಕಂದಾ" ಅಂತ ವಸಂತಾ ಬೇಡಿಕೊಳ್ಳುತ್ತಾಳೆ. ಅನ್ನುವುದಿಲ್ಲ.

ವಿಭೂತಿ ಹಚ್ಚಿದ ಹಣೆ ನನ್ನದು, ಸುಳ್ಳು ಹೇಳುವುದಿಲ್ಲ. ಮೊನ್ನೆ ಆ ಮಗು ಫೋನಿನಲ್ಲಿ ನನ್ನ ಹತ್ತಿರವೂ ಮಾತಾಡಿತು. ಇಡುವಾಗ ಬೈ ಅನ್ನಲಿಲ್ಲ. "ಹೋಗ್ತೀನಿ" ಅಂತು... ಅದರ ಹಿಂದೆ, ಕಿರ್ರ್ ಅಂತ, ಏನೋ ತಿರುಗುವ ಸದ್ದು.