ನೀಲಿ ಆಡು, ಕೆಂಪು ಮುಗಿಲು

…ಯಾಕ ನಗ್ತಿ ಅಕ್ಕಾ? ಆಡು ನೀಲಿ ಇರಬಾರದೇನ? ನಿಮ್ಮ ಅಲಖನೂರಾಗ ಇರಲಿಕ್ಕಿಲ್ಲ, ನನ್ನ ಚಿತ್ರದಾಗ ಐತಿ! ಮುಗಿಲು ಕೆಂಪು, ಹೊಲಾ ಹಳದಿ, ನಡಕ ನಮ್ಮವ್ವ. ಮಾರಿ ಬರೇ ಮೂರು ಗೆರಿ. ಆದ್ರೂ ಗುರತ ಸಿಕ್ತಿಲ್ಲೋ? …ಅಯ್ಯ, ಅಳಬ್ಯಾಡ. ಈಗರ ನಗಾಕತ್ತಿದ್ದಿ.

ಇಲ್ಲ ಇಲ್ಲ, ಕುಂಚದ್ದಲ್ಲ. ಕಟಗಿ ಹಲಗೀನ ಉಳೀಲೆ ಕೆತ್ತಿ, ಬಣ್ಣಾ ಸವರಿ, ಕಾಗದಾ ಹಾಕಿ ಒತ್ತಿದ್ದು. ಮೊದಲ ಹಳದಿ. ಅದ ಹಲಗಿ ಮತ್ತ ಕೆತ್ತೂದು, ಕೆಂಪು ಒತ್ತೂದು. ಮತ್ತ ಕೆತ್ತೂದು, ನೀಲಿ. ಒಂದ ಗೆರಿ ತಪ್ಪಿತಂದ್ರ ಮುಗೀತು, ಹೊಳ್ಳಿ ತರಾಕ ಬರೂದಿಲ್ಲ.

ಏನಂದಿ? …ಮಾವಂದಾ?

ಗೊತ್ತೈತಿ ಅಕ್ಕಾ. ನಿನ್ನ ಗಂಡಂದು ಒಂದ ಛಲೋ ಫೋಟೋ ಇಲ್ಲ. ಆಧಾರ ಕಾರ್ಡಿನ್ಯಾಗ ಪಾಪ, ಕಳ್ಳನ್ನ ಹಿಡಕೊಂಡ ಬಂದಂಗ ಐತಿ ಮಾರಿ! …ಹೌದು, ಮಾವನ್ನ ಮಣ್ಣ ಮಾಡಿದ ದಿನಾ ನಾನ ಅಂದಿದ್ದೆ, ಕೆತ್ತಿ ಕೊಡ್ತೀನಂತ. ಹೆಗಲ ಮ್ಯಾಲ ಕಂಬಳಿ, ಬಗಲಾಗ ಕುರಿಮರಿ… ‘ಮಾದೇವಾ, ನನ್ನ ಮೀಸಿ ಸಣ್ಣ ಮಾಡಬ್ಯಾಡ’ ಅಂತಿದ್ದ ಮಾವ. ಕಣ್ಣಾಗ ಹಂಗ ಕುಂತಾನ.

ಆದ್ರ ಹಲಗಿ ಸಿಗವಲ್ದು ನೋಡ. ಒಣಗಿದ್ದು, ಸೀಳಿಲ್ಲದ್ದು ಬೇಕು… ಏನು? ಹೊರಗ ಐತಿ? ಕುರಿಹಟ್ಟಿ ಕದಾ ಬಿಚ್ಚಿಸಿಕೊಂಡ ಬಂದೀಯಾ! ಮಾವ ಕೈಯಾರೆ ಮಾಡಿದ ಕದಾ… ಬಸ್ಸಿನ್ಯಾಗ ಹೊತ್ತಕೊಂಡ… ಅಕ್ಕಾ, ಏನ ಮಾಡಿದಿ ಇದು?

ಸಿಟ್ಟಲ್ಲ. ಸಿಟ್ಟ ಯಾಕ ಬರ್ತೈತಿ ನನಗ? ಛಲೋ ಹಲಗಿನ ಇದ್ದೀತು. ಆದ್ರ ಬಣ್ಣ ಮುಗದಾವ. ಕೊಲ್ಹಾಪುರದಿಂದ ತರಸಬೇಕು. ತರಸಿದ್ರೂ ಈ ಥಂಡ್ಯಾಗ ಲಗೂ ಒಣಗೂದಿಲ್ಲ. ಯುಗಾದಿ ಆಗಲಿ, ನೋಡೂನು… ಯುಗಾದಿಗೆ ಅಂದ್ರ ಯುಗಾದಿಗೇ ಅಂತಲ್ಲ…

ಚಾ ಕುಡಿ, ಆರತೈತಿ. ನಂದು ಅಲ್ಲೇ ಇರಲಿ… ಯಾಕ ಎತ್ತಿ ಕೊಡಾಕತ್ತಿ? ಇಡು ಕೆಳಗ. ಆಮ್ಯಾಲ ಕುಡೀತೀನಿ ಅಂದ್ನೆಲ್ಲ… ಎಷ್ಟೊತ್ತು ಹಿಡಕೊಂಡ ಕುಂದರತಿ? ಬೈಯರ ಬೈ! ಹಂಗ ನೋಡಬ್ಯಾಡ… ಅಕ್ಕಾ, ನನ್ನ ಶಾಲು ಎಳೀಬ್ಯಾಡ!

…

ನೋಡಿದೇನ? ಈ ಕೈ ನಿಂದರವಲ್ದು. ತುತ್ತು ಬಾಯಿಗೆ ಬರೂದ್ರಾಗ ಅರ್ಧಾ ಚೆಲ್ಲತೈತಿ. ಇನ್ನ ಹಿಂಗ ಇರತೈತಿ ಅಂತ, ಡಾಕ್ಟರ್ ಅಂದ್ರು. ಉಳಿ ಹಿಡದ್ರ ಹಲಗಿ ಬಿಟ್ಟು ಈ ಬೊಟ್ಟ…

ಬಿಡ ಅಕ್ಕಾ. ಅಷ್ಟು ಗಟ್ಟಿ ಹಿಡೀಬ್ಯಾಡ. ನೀ ಹಿಡದ್ರ ನಿಂದ್ರೂದಿಲ್ಲ ಅದು… ನೋಡಿಲ್ಲೆ, ನಿನ್ನ ಕೈನೂ ನಡಗಾಕತ್ತೈತಿ.