ಹತ್ತಿ ತುಂಬಿದ ಗೊಂಬೆ

ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ ಎಂದು ಶುರು ಮಾಡಿದರೆ ನಿಮ್ಮಲ್ಲಿ ಅರ್ಧ ಜನ ಈಗಲೇ ತೂಕಡಿಸುತ್ತೀರಿ, ನನಗೆ ಗೊತ್ತು. ಇವತ್ತು ಶ್ರೀಮಂತ ಬೇಡ. ಒಂದೂರಲ್ಲಿ ಒಬ್ಬ ಬೆಂಕಿ ಆರಿಸುವವನಿದ್ದ. ಅಗ್ನಿಶಾಮಕ ದಳಕ್ಕೆ ಅವನೇ ನಾಯಕ. ಹೊಟ್ಟೆಯ ಮಟ್ಟಿಗೆ ಮಾತ್ರ ಶ್ರೀಮಂತ.

ಆ ಊರಲ್ಲಿ ಬೆಂಕಿ ಬೀಳುವುದೇ ಅಪರೂಪ. ಠಾಣೆಯೊಳಗೆ ಕೇರಂ ಬೋರ್ಡು, ಠಾಣೆಯೆದುರು ಬೋಂಡಾ ಅಂಗಡಿ. ಇನ್ನೇನು ಬೇಕು ಹೇಳಿ? ಆದರೆ ವರ್ಷಕ್ಕೊಮ್ಮೆ ಒಂದು ಕಂಟಕ ಬರುತ್ತಿತ್ತು. ಜಿಲ್ಲೆಯ ಸಾಹೇಬರು ಗಡಿಯಾರ ಹಿಡಿದು ಪರೀಕ್ಷೆಗೆ ಬರುತ್ತಿದ್ದರು. ಮನುಷ್ಯನಷ್ಟೇ ತೂಕದ ಮರಳಿನ ಗೊಂಬೆಯನ್ನು ಹೆಗಲಿಗೆ ಹಾಕಿಕೊಂಡು ಮೈದಾನದ ಆ ತುದಿಗೆ ಓಡಬೇಕು. ಬೆಂಕಿಯಲ್ಲಿ ಸಿಕ್ಕಿಬಿದ್ದವರನ್ನು ಹೊತ್ತು ತರುವ ಅಭ್ಯಾಸ ಅದು.

ಒಂದು ವರ್ಷ ನಾಯಕನಿಗೆ ಸೊಂಟ ಹಿಡಿಯಿತು. ಆಗ ದಳದ ಡ್ರೈವರ್ ಕಿವಿಯಲ್ಲಿ ಊದಿದ: “ಅಣ್ಣಾ, ಎರಡು ಬೊಗಸೆ ಮರಳು ತೆಗೆದ್ರೆ ಗೊಂಬೆ ಏನು ಅಳುತ್ತಾ?”

ಗೊಂಬೆ ಅಳಲಿಲ್ಲ. ಮರುವರ್ಷ ಎರಡು ಪುಟ್ಟಿ ತೆಗೆದರು. ಅದರ ಮರುವರ್ಷ ಮರಳೆಲ್ಲ ಸುರಿದು ಹತ್ತಿ ತುಂಬಿದರು. ಸಾಹೇಬರು ಗಡಿಯಾರ ನೋಡುತ್ತಿದ್ದರೇ ಹೊರತು ಗೊಂಬೆಯನ್ನು ಮುಟ್ಟುತ್ತಿರಲಿಲ್ಲ. ನಮ್ಮ ನಾಯಕ ಒಂದೇ ಕೈಯಲ್ಲಿ ಅದನ್ನೆತ್ತಿ ಓಡಿದ. ಬಹುಮಾನದ ಕಪ್ಪು ಬಂತು, ಹಾರ ಬಂತು, ಇನ್ನೊಂದು ಪ್ಲೇಟು ಬೋಂಡಾ ಬಂತು.

ನೋಡಿ, ತಮಾಷೆ ಇದಲ್ಲ. ಹತ್ತಿ ತುಂಬಿಸಿದವನೇ ಅವನು. ಕಪ್ಪು ಕೈಗೆ ಬಂದದ್ದೇ ತಡ, ಅದನ್ನೇ ಮರೆತುಬಿಟ್ಟ! ತಾನು ಭೀಮನೇ ಎಂದು ನಂಬಿದ. ಮನೆಯಲ್ಲಿ ಹೆಂಡತಿ, “ರೀ, ಗ್ಯಾಸ್ ಸಿಲಿಂಡರ್ ಸ್ವಲ್ಪ ಒಳಗಿಡ್ರೀ” ಎಂದರೆ, “ಮನುಷ್ಯರನ್ನ ಹೊರೋ ಕೈಗೆ ಸಿಲಿಂಡರ್ ಕೊಡ್ತೀಯಾ?” ಎಂದು ಗದರುತ್ತಿದ್ದ. ಪಾಪ, ಅವಳೇ ಉರುಳಿಸಿಕೊಂಡು ಹೋಗುತ್ತಿದ್ದಳು.

ಒಂದು ದಿನ ಮಟಮಟ ಮಧ್ಯಾಹ್ನ ಹಾಸಿಗೆ ಅಂಗಡಿಗೆ ಬೆಂಕಿ ಬಿತ್ತು. ಎರಡನೇ ಮಹಡಿಯ ಬಾಲ್ಕನಿಯಲ್ಲಿ ಒಬ್ಬಳು ಅಜ್ಜಿ, ಕೈಯಲ್ಲಿ ಹಪ್ಪಳದ ತಟ್ಟೆ. ಅವಳು ಹಿಂದಿನ ಮೆಟ್ಟಿಲಿಂದ ಇಳಿಯಲು ಹೊರಟಿದ್ದಳು. ಅಷ್ಟರಲ್ಲಿ ನಮ್ಮ ಭೀಮ ಮೈಕ್ ಹಿಡಿದು ಕೂಗಿದ: “ಅಜ್ಜೀ, ಕದಲಬೇಡಿ! ನಿಮ್ಮನ್ನ ಹೊತ್ಕೊಂಡ್ ಬರ್ತೀನಿ!”

ಅಜ್ಜಿ ದೊಡ್ಡ ಅಧಿಕಾರಿಯ ಮಾತಿಗೆ ಬೆಲೆ ಕೊಟ್ಟು ಅಲ್ಲೇ ಕೂತಳು.

ನಾಯಕ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಮೆಟ್ಟಿಲು ಏರಿದ. ಒಂದನೇ ಮಹಡಿಗೇ ಗೋಡೆ ಹಿಡಿದು ನಿಂತ. ಅರ್ಧ ಗಂಟೆ ಬರಬೇಕಾದ ಗಾಳಿಯನ್ನು ಏದುಸಿರು ಬಿಟ್ಟು ಹತ್ತೇ ನಿಮಿಷದಲ್ಲಿ ಮುಗಿಸಿದ. ಮುಖವಾಡ ಕಿತ್ತೆಸೆದು, ಕೆಮ್ಮುತ್ತಾ, ತೆವಳುತ್ತಾ ಅಜ್ಜಿಯ ಬಳಿ ಬಂದ. ಅಭ್ಯಾಸಬಲದಿಂದ ಅವಳ ಸೊಂಟಕ್ಕೆ ಒಂದೇ ಕೈ ಹಾಕಿ ಎತ್ತಿದ. ಅಜ್ಜಿ ಒಂದಂಗುಲವೂ ಮೇಲೇಳಲಿಲ್ಲ. ಅವನ ಸೊಂಟ ಮಾತ್ರ ‘ಕಟಕ್’ ಎಂದಿತು.

ಬಗ್ಗಿದವನು ಬಗ್ಗಿದಂತೆಯೇ ಉಳಿದ. ಹೊಗೆ ದಟ್ಟವಾಗುತ್ತಿತ್ತು. ಆಗ ಅವನಿಗೆ ಮರಳೂ ನೆನಪಾಯಿತು, ಹತ್ತಿಯೂ ನೆನಪಾಯಿತು. ತಾನು ಸಾಯುತ್ತೇನೆಂದಲ್ಲ, ತನ್ನ ಮಾತು ನಂಬಿ ಕೂತ ಈ ಮುದುಕಿ ಸಾಯುತ್ತಾಳಲ್ಲ ಎಂದು ಅವನು ಅತ್ತುಬಿಟ್ಟ.

“ಅಳ್ತಾ ಕೂತ್ರೆ ಬೆಂಕಿ ಆರುತ್ತೇನೋ ಮಗಾ? ಎಷ್ಟಿದೀಯ ತೂಕ?” ಎಂದಳು ಅಜ್ಜಿ.

“ತೊಂಬತ್ತಾರು, ಅಜ್ಜಿ.”

“ಥೂ, ಎರಡು ಮೂಟೆ ಅಕ್ಕಿ! ಕೂತ್ಕೋ. ತಿಕ ಊರ್ಕೊಂಡೇ ಇಳಿ.”

ದಿನಕ್ಕೆ ಹತ್ತು ಸಲ ಬಿಂದಿಗೆ ಹೊತ್ತು ಹಿಂದಿನ ಮೆಟ್ಟಿಲು ಹತ್ತಿದ ಕಾಲು ಅವಳದು. ಸೆರಗಿನ ತುದಿ ಹರಿದು ಬಿಂದಿಗೆಯ ನೀರಲ್ಲಿ ಅದ್ದಿ ಅವನ ಮೂಗಿಗೆ ಕಟ್ಟಿ, ಹಪ್ಪಳದ ತಟ್ಟೆ ಅವನ ತಲೆಗೆ ಕವುಚಿ, ಒಂದೊಂದೇ ಮೆಟ್ಟಿಲು ಧಡ್ ಧಡ್ ಎಂದು ಎಳೆದು ಇಳಿಸಿದಳು. ಕೆಳಗೆ ಜನ ಚಪ್ಪಾಳೆ ತಟ್ಟಿ ನಾಯಕನಿಗೇ ಹಾರ ಹಾಕಲು ಬಂದರು. ಅವನು ಕೈ ಅಡ್ಡ ಹಿಡಿದ. “ನಾನು ಕಾಪಾಡ್ಲಿಲ್ಲ, ಸ್ವಾಮಿ. ಇವರನ್ನ ಕೊಲ್ತಿದ್ದೆ” ಎಂದ. ಊರೆಲ್ಲ ಕೇಳುವಂತೆ ಗೊಂಬೆಯ ವಿಷಯವನ್ನೂ ಹೇಳಿಬಿಟ್ಟ. ಅವನು ಜೀವನದಲ್ಲಿ ಹೊತ್ತ ಮೊದಲ ನಿಜವಾದ ಭಾರ ಅದು.

ನಗುತ್ತಿದ್ದೀರಿ. ನಗಿ, ನಗಿ. ಈಗ ನಿಮ್ಮ ಸರದಿ.

ಬೆಳಿಗ್ಗೆ ಪಾರ್ಕಿನಲ್ಲಿ ಒಂದು ಸುತ್ತು ಬಂದು ಎರಡು ಮಸಾಲೆ ದೋಸೆ ತಿನ್ನುತ್ತೀರಲ್ಲ, ಅದು ಏನು? ಹತ್ತಿ! ಇಲ್ಲಿ ನನ್ನ ಮುಂದೆ ಶಾಂತಮೂರ್ತಿಗಳಂತೆ ಕೂತು, ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಎಸೆಯುತ್ತೀರಲ್ಲ, ಆ ಶಾಂತಿ ಏನು? ಅದೂ ಹತ್ತಿ! ಮೋಸ ಸಾಹೇಬರಿಗೆ ಆಗಲಿಲ್ಲ, ಬಂಧುಗಳೇ. ನಂಬಿ ಕೂತವರಿಗೆ ಆಯಿತು. ನಿಮ್ಮನ್ನೂ ಯಾರೋ ನಂಬಿ ಕೂತಿದ್ದಾರೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೋಗಬೇಡಿ. ನಾಳೆಯಿಂದ ಬೆವರು ಬರುವಷ್ಟು ನಡೆಯಿರಿ. ಸಿಲಿಂಡರ್ ನೀವೇ ಒಳಗಿಡಿ. ಸಿಟ್ಟು ಬರಿಸುವವರ ಎದುರೇ ತಾಳ್ಮೆ ಕಲಿಯಿರಿ.

ನಾಳೆ ಯಾಕೆ? ಪ್ರಸಾದ ಮೂರನೇ ಮಹಡಿಯಲ್ಲಿದೆ. ವಯಸ್ಸಾದವರು, ಕಾಲುನೋವಿನವರು ಇಲ್ಲೇ ಕೂತಿರಿ, ತಂದುಕೊಡುತ್ತಾರೆ. ಉಳಿದವರು ಮೆಟ್ಟಿಲ ಕಡೆ ನಡೆಯಿರಿ. ಲಿಫ್ಟಿನ ಬೀಗದ ಕೈ ನನ್ನ ಹತ್ತಿರ ಇದೆ.