ಅನಾಥ ಸಾಲು

ಇದನ್ನು ಹಗಲು ಹೊತ್ತಿನಲ್ಲಿ ಹೇಳಿದರೆ ನೀವು ನಗುತ್ತೀರಿ, ಅದಕ್ಕೇ ಈಗ ಹೇಳುತ್ತಿದ್ದೇನೆ. ನಡೆದದ್ದು ಯಾರೋ ದಾರಿಹೋಕರಿಗಲ್ಲ, ನಮ್ಮ ಚಿಕ್ಕಮ್ಮನ ಮಗಳಿಗೆ. ಮನೆಯಲ್ಲಿ ಎಲ್ಲರೂ ಅವಳನ್ನು ಚೂಟಿ ಅಂತಲೇ ಕರೆಯುವುದು. ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಪ್ರೋಗ್ರಾಂ ಬರೆಯುತ್ತಾಳೆ.

ಅವತ್ತು ಅವಳು ಕೊನೆಯ ಬಸ್ಸಿಳಿದಾಗ ಹತ್ತೂವರೆ ದಾಟಿತ್ತು. ಮನೆಗೆ ಹೋಗುವ ದಾರಿಯಲ್ಲಿ ಒಂದು ಹಾಳು ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ. ಅದನ್ನು ದಾಟುವಾಗ ಹಿಂದೆ ಚಪ್ಪಲಿಯ ಸದ್ದು… ಸರಕ್… ಸರಕ್… ಇವಳು ನಿಂತಳು. ಅದೂ ನಿಂತಿತು. ಆಮೇಲೆ ಇನ್ನೊಂದು ಸದ್ದು. ಉಸಿರು. ಸುಯ್ಯ್… ಸುಯ್ಯ್… ಗಂಟಲು ಊದಿಕೊಂಡು, ಗಾಳಿ ನುಸುಳಲು ಕೂದಲೆಳೆಯಷ್ಟು ಜಾಗ ಮಾತ್ರ ಉಳಿದಾಗ ಹೊರಡುವ ಸದ್ದು.

ಯಾರೆಂದು ತಿರುಗಿ ನೋಡುವ ಅಗತ್ಯ ಚೂಟಿಗೆ ಬೀಳಲಿಲ್ಲ.

ಇಪ್ಪತ್ತೇಳು ದಿನದ ಹಿಂದೆ ಅವರ ಆಸ್ಪತ್ರೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಸತ್ತಿದ್ದಳು. ಜ್ವರ ನೆತ್ತಿಗೇರಿ, ಪ್ರಜ್ಞೆ ತಪ್ಪಿದವಳನ್ನು ನೆರೆಯವರು ತಂದು ಸೇರಿಸಿದ್ದರು. ಪೆನ್ಸಿಲಿನ್ ತನಗೆ ಆಗುವುದಿಲ್ಲ ಅಂತ ಅವಳು ಎರಡು ವರ್ಷದ ಹಿಂದೆಯೇ ಇದೇ ಆಸ್ಪತ್ರೆಯಲ್ಲಿ ಬರೆಸಿದ್ದಳು. ಹಿರಿಯ ನರ್ಸು ಇಂಜೆಕ್ಷನ್‌ಗೆ ಮೊದಲು ಕಂಪ್ಯೂಟರ್ ನೋಡಿದಳು. 'ಅಲರ್ಜಿ: ಇಲ್ಲ' ಅಂತಿತ್ತು. ಚುಚ್ಚಿದಳು. ಗಂಟಲು ಊದಿ, ಉಸಿರು ಕಟ್ಟಿ, ಇಪ್ಪತ್ತು ನಿಮಿಷದಲ್ಲಿ ಎಲ್ಲಾ ಮುಗಿಯಿತು. ತಪ್ಪೆಲ್ಲಾ ನರ್ಸಿನ ತಲೆಗೆ ಕಟ್ಟಿ ಅವಳನ್ನು ಮನೆಗೆ ಕಳಿಸಿದ್ದರು, ವಿಚಾರಣೆಗೆ ಇನ್ನು ನಾಲ್ಕು ದಿನವಿತ್ತು. ಚೂಟಿಯ ಅಪ್ಪ ಹಾಸಿಗೆ ಹಿಡಿದಾಗ ಹನ್ನೊಂದು ರಾತ್ರಿ ಪಕ್ಕದಲ್ಲೇ ನಿಂತಿದ್ದ ನರ್ಸು ಅವಳು.

ಬರೆಸಿದ್ದು ಎಲ್ಲಿ ಹೋಯಿತು? ಅದು ಚೂಟಿಗೆ ಗೊತ್ತಿತ್ತು.

ಡೇಟಾಬೇಸಿನಲ್ಲಿ ಎಲ್ಲವೂ ಕೋಷ್ಟಕ. ರೋಗಿಗಳಿಗೊಂದು, ಅಲರ್ಜಿಗಳಿಗೊಂದು. ಪ್ರೋಗ್ರಾಂ ಬರೆಯುವವರಿಗೆ ಕೋಷ್ಟಕದ ಭಾಷೆ ಬೇಜಾರು. ಅವರಿಗೆ ರೋಗಿಯನ್ನು ಕರೆದರೆ ಅಲರ್ಜಿಗಳೂ ಅವಳ ಸೆರಗು ಹಿಡಿದು ಬರಬೇಕು. ಡೇಟಾಬೇಸಿಗೂ ಇವರಿಗೂ ನಡುವೆ ಓಡಾಡುವ ದಲ್ಲಾಳಿಯೇ ಮ್ಯಾಪರ್ ಅನ್ನುವ ಪ್ರೋಗ್ರಾಂ. 'ಉಳಿಸು' ಅಂದರೆ ಸಾಕು, ಡೇಟಾಬೇಸಿಗೆ ಕೊಡಬೇಕಾದ ಆಜ್ಞೆಯನ್ನೆಲ್ಲಾ ತಾನೇ ಬರೆದು ಮುಟ್ಟಿಸುತ್ತದೆ. ಏನು ಬರೆಯಿತು ಅಂತ ಯಾವ ಪುಣ್ಯಾತ್ಮನೂ ನೋಡುವುದಿಲ್ಲ. ರೋಗಿಯ ಸಾಲು ಹೋಗಿ ಅಲರ್ಜಿಯ ಸಾಲು ಮಾತ್ರ ಉಳಿದರೆ, ಆ ಕಸುಬಿನವರು ಅದನ್ನು ಅನಾಥ ಅನ್ನುತ್ತಾರೆ. ಇಂಥ ಅನಾಥಗಳಿಂದ ತಿಂಗಳ ವರದಿ ಕೆಡುತ್ತಿದೆ ಅಂತ ಚೂಟಿ ಒಂದು ಸಂಜೆ, ಮನೆಗೆ ಹೊರಡುವ ಅವಸರದಲ್ಲಿ, ಮ್ಯಾಪರಿಗೆ ಒಂದೇ ಒಂದು ಸೂಚನೆ ಸೇರಿಸಿದ್ದಳು. ಅನಾಥವಾದರೆ ಅಳಿಸು.

ಹೊಲಿಗೆಯವಳ ಹೆಸರಲ್ಲಿ ಎರಡು ಕಾರ್ಡುಗಳಿದ್ದವು. ಅವಳನ್ನು ಸೇರಿಸಿದ ದಿನ ದಾಖಲಾತಿ ಕೌಂಟರಿನವರು ಹಳೆಯದನ್ನು ತೆಗೆದು ಎರಡನ್ನೂ ಒಂದು ಮಾಡಿದರು. ಅಲರ್ಜಿಯ ಸಾಲು ಹಳೆಯ ಕಾರ್ಡಿನ ಬೆನ್ನಿಗಿತ್ತು, ಅನಾಥವಾಯಿತು. ಮ್ಯಾಪರ್ ಹೇಳಿದಷ್ಟು ಮಾಡಿತು.

ಬಾವಿಯ ಹತ್ತಿರ ಆ ಉಸಿರು ಈಗ ಕಿವಿಯ ಪಕ್ಕಕ್ಕೇ ಬಂದಿತ್ತು.

"ಬರೆಸಿದ್ನಲ್ಲಮ್ಮಾ…" ಪಿಸುದನಿ. "ಆಗಲ್ಲ ಅಂತ… ಬರೆಸಿದ್ದೆ."

"ಗೊತ್ತು," ಅಂದಳು ಚೂಟಿ.

"ಎಲ್ಲಿ ಹೋಯ್ತು?"

"ನಾನೇ… ನನ್ನಿಂದ ಅಳಿಸಿ ಹೋಯ್ತು. ಬೇಕಂತ ಮಾಡಿದ್ದಲ್ಲ."

"ಹೇಳ್ತೀಯಾ?"

"ಹೇಳ್ತೀನಿ… ನಾಳೆನೇ ಹೇಳ್ತೀನಿ."

ಸುಯ್ಯ್… ಸುಯ್ಯ್… ಜಾಲರಿ ಒಂದು ಸಲ ಟಣ್ಣೆಂದಿತು. ಅಷ್ಟೇ. ಆಮೇಲೆ ಜೀರುಂಡೆಗಳು ಮತ್ತೆ ಶುರುವಾದವು. ಅಲ್ಲಿಯವರೆಗೆ ಅವು ಸುಮ್ಮನಿದ್ದವು ಅನ್ನುವುದು ಆಗಲೇ ಅವಳಿಗೆ ಗೊತ್ತಾಗಿದ್ದು.

ಮರುದಿನ ಚೂಟಿ ಮ್ಯಾನೇಜರ್ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಬಾವಿಯ ವಿಷಯ ಬಿಟ್ಟು. ಅವನು ಎದ್ದು ಬಾಗಿಲು ಹಾಕಿ ಬಂದ.

"ಲಾಗು, ಬ್ಯಾಕಪ್ಪು ಎಷ್ಟು ದಿನ ಇರತ್ತೆ?"

"ಮೂವತ್ತು ದಿನ ಸರ್."

"ಇನ್ನೆರಡು ದಿನ ಬಾಯಿ ಮುಚ್ಕೊಂಡಿರು. ಆ ಸೂಚನೆ ತೆಗೆದುಬಿಡು. ನರ್ಸಿಗೆ ಹೇಗೂ ವಯಸ್ಸಾಯ್ತು, ನಿನಗಿನ್ನೂ ಮೂವತ್ತಾಗಿಲ್ಲ. ಯೋಚನೆ ಮಾಡು."

ಚೂಟಿ ಯೋಚನೆ ಮಾಡಿದಳು. ನಮ್ಮ ಮನೆಯ ಹುಡುಗಿ ಅಂತ ನಾನು ಮುಚ್ಚಿಟ್ಟು ಹೇಳುವುದಿಲ್ಲ. ಆ ಸಾಲು ಯಾವಾಗ ಅಳಿಸಿಹೋಯಿತು ಅಂತ, ಕಂಪ್ಯೂಟರ್ ತಾನೇ ಬರೆದಿಡುವ ಲಾಗಿನಲ್ಲಿ ನಿಮಿಷದ ಸಮೇತ ಇತ್ತು. ಒಂದು ಪ್ರತಿ ಮಾಡಿಟ್ಟುಕೊಂಡಿದ್ದರೆ ಸಾಕಿತ್ತು, ಎರಡು ನಿಮಿಷದ ಕೆಲಸ. ಮಾಡಲಿಲ್ಲ. ಹೆದರಿದಳು. ಎರಡು ದಿನ ಬಾವಿಯ ದಾರಿ ಬಿಟ್ಟು ಸುತ್ತುಹಾಕಿ ಮನೆಗೆ ಹೋದಳು. ಮೂವತ್ತನೆಯ ರಾತ್ರಿ ಲಾಗೂ ಬ್ಯಾಕಪ್ಪೂ ತಾವಾಗಿ ಅಳಿಸಿಹೋದವು. ಅದನ್ನು ನೆನೆದರೆ ನನಗೆ ಇವತ್ತಿಗೂ ಅವಳ ಮೇಲೆ ಮೈ ಉರಿಯುತ್ತದೆ.

ವಿಚಾರಣೆಯ ದಿನ ಮೂವರು ವೈದ್ಯರು ಕೂತಿದ್ದರು. ಎದುರಿಗೆ ನರ್ಸು, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ. ಪರದೆ ತೋರಿಸುವುದಕ್ಕೆ ಚೂಟಿಯನ್ನೇ ಕೂರಿಸಿದ್ದರು.

"ಆ ರೋಗಿಯ ದಾಖಲೆ ತೆಗೀರಿ," ಅಂದರು ಹಿರಿಯರು.

ತೆಗೆದಳು… ಕೈ ಮೌಸಿನ ಮೇಲೇ ನಿಂತಿತು.

'ಅಲರ್ಜಿ: ಪೆನ್ಸಿಲಿನ್.' ಕೆಂಪಕ್ಷರದಲ್ಲಿ. ಎರಡು ವರ್ಷ ಹಳೆಯ ತಾರೀಕು.

ಹಿಂದಿನ ಸಂಜೆ ಅವಳೇ ನೋಡಿದ್ದಳು, ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಮ್ಯಾನೇಜರ್ ಮುಖ ಬಿಳಿಚಿಕೊಂಡಿತು. ಮರುಕ್ಷಣವೇ ಅವನು ನಿರಾಳನಾದ, ಅದನ್ನೂ ಚೂಟಿ ನೋಡಿದಳು.

"ಅವತ್ತು ಇದು ಇರಲಿಲ್ಲ!" ನರ್ಸು ಎದ್ದು ನಿಂತಳು.

"ಇರಲಿಲ್ಲ ಸರ್," ಚೂಟಿ ಕೊನೆಗೂ ಬಾಯಿಬಿಟ್ಟಳು. "ನನ್ನ ಪ್ರೋಗ್ರಾಮಿಂದ ಅಳಿಸಿ ಹೋಗಿತ್ತು. ತಪ್ಪು ನನ್ನದು."

"ಅಳಿಸಿ ಹೋಗಿದ್ದು ಇಲ್ಲೇ ಕಾಣ್ತಿದೆಯಲ್ಲ?" ಅಂದರು ಹಿರಿಯರು.

"ಅದು… ವಾಪಸ್ ಬಂದಿದೆ."

"ಯಾರು ಹಾಕಿದ್ರು?"

ಮ್ಯಾನೇಜರ್ ಮೆತ್ತಗೆ ಅಂದ, "ನರ್ಸಮ್ಮ ಇವಳ ತಂದೆಯನ್ನ ನೋಡ್ಕೊಂಡಿದ್ರು ಸರ್. ಹುಡುಗಿಗೆ ಋಣ, ಅದಕ್ಕೇ ಹೀಗಂತಾಳೆ." ಮೂವರೂ ತಲೆಯಾಡಿಸಿದರು. ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. ಎಚ್ಚರಿಕೆ ಕಣ್ಣೆದುರಿಗಿದ್ದೂ ಇಂಜೆಕ್ಷನ್ ಕೊಟ್ಟಿದ್ದಾಳೆ, ಕೆಲಸದಿಂದ ವಜಾ. ಆಮೇಲೆ ನರ್ಸಿಂಗ್ ಲೈಸೆನ್ಸೂ ರದ್ದಾಯಿತು.

ಸತ್ತವಳಿಗೆ ತನ್ನ ಸಾಲು ಬೇಕಿತ್ತು, ವಾಪಸ್ ತೆಗೆದುಕೊಂಡಳು. ಅದರ ಹೊಡೆತ ಯಾರಿಗೆ ಬೀಳುತ್ತದೆ ಅಂತ ಅವಳಿಗೇನು ಗೊತ್ತು? ಗೊತ್ತಿದ್ದವರು ಬದುಕಿದ್ದವರು.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ನರ್ಸು ಒಬ್ಬಳೇ ಕೂತಿದ್ದಳು. ಚೂಟಿ ಹೋಗಿ ಅವಳ ಕಾಲ ಬಳಿ ಕುಸಿದು, ಅನಾಥ ಸಾಲು, ಮ್ಯಾನೇಜರ್, ಆ ಎರಡು ದಿನ, ಎಲ್ಲವನ್ನೂ ಅಳುತ್ತಾ ಹೇಳಿದಳು.

ನರ್ಸು ಚೂಟಿಯ ತಲೆ ಸವರಿದಳು.

"ನನ್ನ ಉಳಿಸೋಕೆ ಇಷ್ಟೆಲ್ಲಾ ಸುಳ್ಳು ಹೇಳ್ಬೇಡ ಮಗಳೇ. ಹಳೇ ತಾರೀಕು ಈಗ ನಾನೇ ನೋಡಿದ್ನಲ್ಲ, ಅದು ಇತ್ತು. ನಿದ್ದೆಗಣ್ಣಲ್ಲಿ ನಾನೇ ನೋಡ್ಲಿಲ್ಲ… ಅಷ್ಟೇ. ನಾನೇ ಕೊಂದೆ."

ಚೂಟಿ ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಈಗಲೂ ನಂಬಿಲ್ಲ. ಮನೆಯಲ್ಲಿ ಸುಮ್ಮನೆ ಕೂತಿರುತ್ತಾಳಂತೆ, ಕೈಗಳನ್ನು ತಿರುವಿ ತಿರುವಿ ನೋಡಿಕೊಳ್ಳುತ್ತಾ.

ಚೂಟಿ ರಾಜೀನಾಮೆ ಕೊಟ್ಟಳು. ಕೊನೆಯ ದಿನ ಪೆಟ್ಟಿಗೆ ಹೊರಲು ನಾನೇ ಹೋಗಿದ್ದೆ. ಮ್ಯಾಪರನ್ನು ಪಕ್ಕಕ್ಕಿಟ್ಟು ನೇರವಾಗಿ ಕೋಷ್ಟಕವನ್ನೇ ತೆಗೆದು ಆ ಸಾಲನ್ನು ತೋರಿಸಿದಳು. 'ದಾಖಲಿಸಿದವರು' ಅನ್ನುವ ಕಾಲಂ ಅಲ್ಲಿ ಖಾಲಿ. ಆ ಕಾಲಂ ಖಾಲಿ ಬಿಟ್ಟರೆ ಡೇಟಾಬೇಸು ಸಾಲನ್ನೇ ಒಳಗೆ ಬಿಟ್ಟುಕೊಳ್ಳುವುದಿಲ್ಲ, ನನ್ನೆದುರಿಗೇ ಮೂರು ಸಲ ಹಾಕಿ ನೋಡಿದಳು, ಮೂರು ಸಲವೂ ತಳ್ಳಿಹಾಕಿತು. ಆ ಮೂವರು ವೈದ್ಯರ ಸಮಿತಿಗೂ ಇದನ್ನು ಬರೆದಿದ್ದಾಳೆ, ಉತ್ತರ ಬಂದಿಲ್ಲ. ನೀವು ನಂಬಿ, ಬಿಡಿ. ನಲವತ್ತೊಂದು ಸಾವಿರ ಸಾಲುಗಳಲ್ಲಿ ಅದೊಂದರಲ್ಲಿ ಮಾತ್ರ ಆ ಜಾಗ ಖಾಲಿ ಇತ್ತು. ನಾನು ಕಣ್ಣಾರೆ ನೋಡಿದ್ದೇನೆ.